ಅಡ್ಮಿರಲ್ ಚೆಸ್ಟರ್ ನಿಮಿಟ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ನಿಮಿಟ್ಸ್ ಯಾರು? ಚಿಕ್ಕದಾಗಿ ಹೇಳಿ.

ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ಅಮೆರಿಕನ್ ನೌಕಾಪಡೆಯನ್ನು ನಡೆಸಿದವರು. ಹುಟ್ಟಿದ್ದು 1885ರ ಫೆಬ್ರವರಿ 24ರಂದು, ಟೆಕ್ಸಸ್‌ನ ಫ್ರೆಡರಿಕ್ಸ್‌ಬರ್ಗ್‌ನಲ್ಲಿ. 1941ರ ಡಿಸೆಂಬರ್‌ನಲ್ಲಿ ಹವಾಯಿಯ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಜಪಾನಿನ ದಾಳಿಯಾಗಿ 24 ದಿನಕ್ಕೆ ಅಧಿಕಾರ ವಹಿಸಿಕೊಂಡರು. 1945ರ ಸೆಪ್ಟೆಂಬರ್ 2ರಂದು ಟೋಕಿಯೊ ಕೊಲ್ಲಿಯಲ್ಲಿ, ಮಿಸೌರಿ ಹಡಗಿನ ಡೆಕ್ ಮೇಲೆ, ಜಪಾನಿನ ಶರಣಾಗತಿ ಪತ್ರಕ್ಕೆ ಅಮೆರಿಕದ ಪರವಾಗಿ ಸಹಿ ಹಾಕಿದ್ದೂ ಅವರೇ. ಅದೇ ಪತ್ರಕ್ಕೆ ಮಿತ್ರರಾಷ್ಟ್ರಗಳೆಲ್ಲದರ ಪರವಾಗಿ ಸಹಿ ಹಾಕಿದವರು ಜನರಲ್ ಮೆಕಾರ್ಥರ್. ಇಬ್ಬರ ಸಹಿಯೂ ಇರುವುದರಿಂದ ಇಲ್ಲಿ ಗೊಂದಲ ಸಹಜ.

ಹೆಸರಿನ ಬಗ್ಗೆ ಒಂದು ಮಾತು. ಕನ್ನಡ ಪತ್ರಿಕೆಗಳಲ್ಲಿ 'ನಿಮಿಟ್ಜ್' ಎಂದೂ ಬರುತ್ತದೆ. ಅದು ಜರ್ಮನ್ ಮನೆತನದ ಹೆಸರು, ಕೊನೆಯ ಅಕ್ಷರ 'ಟ್ಸ್' ಎಂದೇ ಉಚ್ಚಾರ.

ಸಮುದ್ರವೇ ಕಾಣದ ಊರಿನ ಹುಡುಗ ನೌಕಾಪಡೆಗೆ ಹೋದದ್ದು ಹೇಗೆ?

ಸೈನ್ಯದಲ್ಲಿ ಜಾಗ ಸಿಗದೆ ಹೋದದ್ದರಿಂದ. ಮಗು ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದರು. ಬೆಳೆಸಿದ್ದು ತಾಯಿ ಆನಾ ಮತ್ತು ತಾತ ಚಾರ್ಲ್ಸ್ ನಿಮಿಟ್ಸ್. ತಾತ ಜರ್ಮನಿಯಲ್ಲಿ ವ್ಯಾಪಾರಿ ಹಡಗಿನಲ್ಲಿ ದುಡಿದು ಬಂದವರು. ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಹಡಗಿನ ಆಕಾರದ ಹೋಟೆಲ್ ಕಟ್ಟಿಸಿ ನಡೆಸುತ್ತಿದ್ದರು. ತಾಯಿ ಮುಂದೆ ಮೈದುನನನ್ನೇ ಮದುವೆಯಾಗಿ ಕೆರ್‌ವಿಲ್‌ಗೆ ಹೋದರು, ಅಲ್ಲಿಯೂ ಹೋಟೆಲ್ ಕೆಲಸವೇ. ಹುಡುಗನಿಗೆ ವೆಸ್ಟ್ ಪಾಯಿಂಟ್ ಸೇನಾ ಶಾಲೆಯ ಆಸೆ. ಅಲ್ಲಿನ ಸೀಟುಗಳೆಲ್ಲ ತುಂಬಿವೆ, ಅನಾಪೊಲಿಸ್‌ನ ನೌಕಾ ಅಕಾಡೆಮಿಗಾದರೆ ಒಂದಿದೆ ಎಂದರು ಆ ಕ್ಷೇತ್ರದ ಕಾಂಗ್ರೆಸ್ ಸದಸ್ಯ. ಪರೀಕ್ಷೆ ಬರೆದು 1901ರಲ್ಲಿ ಸೇರಿದರು, 1905ರ ಜನವರಿಯಲ್ಲಿ 114 ಜನರ ತರಗತಿಯಲ್ಲಿ 7ನೆಯವರಾಗಿ ಹೊರಬಂದರು.

ಹಡಗನ್ನು ನೆಲಕ್ಕೆ ಹತ್ತಿಸಿ ಕೋರ್ಟ್ ಮಾರ್ಷಲ್ ಆಗಿದ್ದರಂತೆ, ನಿಜವೇ?

ನಿಜ. 1908ರ ಜುಲೈ 7, ಫಿಲಿಪ್ಪೀನ್ಸ್‌ನ ಬಟಂಗಾಸ್ ಬಂದರು. ಡೆಕಾಟರ್ ಎಂಬ ಡೆಸ್ಟ್ರಾಯರ್‌ಗೆ (ವೇಗದ ಸಣ್ಣ ಯುದ್ಧನೌಕೆ) 23 ವರ್ಷದ ನಿಮಿಟ್ಸ್ ಕಮಾಂಡರ್. ಬಂದರಿಗೆ ನುಗ್ಗುವಾಗ ಮಾಡಬೇಕಾದ ಕೆಲಸ ಎರಡು. ದಡದ ಗುರುತುಗಳಿಗೆ ದಿಕ್ಸೂಚಿ ಹಿಡಿದು ಹಡಗಿರುವ ಜಾಗವನ್ನು ನಕ್ಷೆಯ ಮೇಲೆ ಗುರುತಿಸಬೇಕು; ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಉಬ್ಬರವಿಳಿತದ ಪಟ್ಟಿ ನೋಡಬೇಕು. ಅವರು ಮೊದಲನೆಯದನ್ನು ಕಣ್ಣಳತೆಯಲ್ಲಿ ಮುಗಿಸಿದರು, ಎರಡನೆಯದನ್ನು ಮಾಡಲಿಲ್ಲ. ಹಡಗು ತಳ ಹತ್ತಿ ಕೂತಿತು. ಎಂಜಿನ್ ಹಿಂದಕ್ಕೆ ಓಡಿಸಿದರೂ ಬಿಡಿಸಿಕೊಳ್ಳಲಿಲ್ಲ. ರಾತ್ರಿ ಅಲ್ಲೇ ಡೆಕ್ ಮೇಲೆ ಮಂಚ ಹಾಕಿ ಮಲಗಿದರು. ಬೆಳಿಗ್ಗೆ ಅತ್ತ ಬಂದ ಸಣ್ಣ ಉಗಿ ಹಡಗೊಂದು ಹಗ್ಗ ಕಟ್ಟಿ ಎಳೆದು ಬಿಡಿಸಿತು.

ಆಮೇಲೆ ತಾವೇ ವರದಿ ಮಾಡಿದರು. ವಿಚಾರಣೆಯಲ್ಲಿ ಕರ್ತವ್ಯ ನಿರ್ಲಕ್ಷ್ಯ ಸಾಬೀತಾಗಿ ವಾಗ್ದಂಡನೆ ಸಿಕ್ಕಿತು, ಅಷ್ಟೇ. 1910ರ ಹೊತ್ತಿಗೆ ಬಡ್ತಿಯೂ ಬಂತು. ಈ ಘಟನೆಯನ್ನು ಜೀವನಚರಿತ್ರೆಯ ಮೂಲೆಯ ಒಂದು ಸಾಲಾಗಿ ಓದಿ ಮುಂದೆ ಹೋಗಬೇಡಿ. ಒಂದು ತಪ್ಪಿಗೆ ಮನುಷ್ಯನನ್ನು ಮೂಲೆಗೆ ತಳ್ಳಬಾರದು ಎಂಬ ಅವರ ನಡವಳಿಕೆಯ ಬೇರು ಇಲ್ಲಿದೆ. 1941ರಲ್ಲಿ ಅದು ಬಹಳ ದೊಡ್ಡ ಮಟ್ಟದಲ್ಲಿ ಕೆಲಸಕ್ಕೆ ಬಂತು.

ಬೆರಳು ಕಳೆದುಕೊಂಡದ್ದು ಯುದ್ಧದಲ್ಲೇ?

ಅಲ್ಲ, ಎಂಜಿನ್ನಿನಲ್ಲಿ. 1909ರಿಂದ ಅವರ ಕೆಲಸ ಸಬ್‌ಮರೀನ್‌ಗಳಲ್ಲಿ. ಆಗಿನ ಸಬ್‌ಮರೀನ್‌ಗಳು ಓಡುತ್ತಿದ್ದದ್ದು ಪೆಟ್ರೋಲ್‌ನಿಂದ. ಮುಚ್ಚಿದ ಉಕ್ಕಿನ ಕೊಳವೆಯೊಳಗೆ ಪೆಟ್ರೋಲ್ ಆವಿ ಸೇರಿಕೊಂಡರೆ ಒಳಗಿದ್ದವರ ತಲೆ ತಿರುಗುತ್ತದೆ. ಒಂದು ಕಿಡಿ ಬಿದ್ದರಂತೂ ಮುಗಿಯಿತು. ಡೀಸೆಲ್ ಸುಲಭಕ್ಕೆ ಆವಿಯಾಗುವುದಿಲ್ಲ, ಕಿಡಿಯೂ ಬೇಡ, ಒತ್ತಡದ ಶಾಖಕ್ಕೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಅವರು ಡೀಸೆಲ್ ಪರ ನಿಂತರು. 1913ರಲ್ಲಿ ನೌಕಾಪಡೆ ಅವರನ್ನು ಜರ್ಮನಿಯ ನ್ಯೂರೆಂಬರ್ಗ್, ಆಗ್ಸ್‌ಬರ್ಗ್ ಮತ್ತು ಬೆಲ್ಜಿಯಂನ ಗೆಂಟ್‌ನ ಕಾರ್ಖಾನೆಗಳಿಗೆ ಕಲಿಯಲು ಕಳಿಸಿತು. ಮರಳಿ ಬಂದು ಬ್ರೂಕ್ಲಿನ್ ನೌಕಾ ಕಟ್ಟೆಯಲ್ಲಿ ಮಾಮೀ ಎಂಬ ತೈಲ ಹಡಗಿಗೆ ಡೀಸೆಲ್ ಎಂಜಿನ್ ಕೂರಿಸುವ ಉಸ್ತುವಾರಿ ವಹಿಸಿದರು. ನೀರಿನ ಮೇಲೆ ಓಡುವ ಅಮೆರಿಕನ್ ನೌಕಾಪಡೆಯ ಹಡಗುಗಳಲ್ಲಿ ಡೀಸೆಲ್ ಹಾಕಿದ್ದು ಅದಕ್ಕೇ ಮೊದಲು.

ಬಂದವರಿಗೆ ಓಡುವ ಎಂಜಿನ್ ತೋರಿಸುತ್ತಿದ್ದಾಗ ಎಡಗೈಯ ಗ್ಲೌಸ್ ಗೇರುಗಳಿಗೆ ಸಿಕ್ಕಿತು. ಉಂಗುರ ಬೆರಳು ಒಳಕ್ಕೆ ಹೋಯಿತು. ಅನಾಪೊಲಿಸ್‌ನ ಉಂಗುರ ಅಡ್ಡ ಬಂದು ಗೇರು ಒಂದು ಕ್ಷಣ ತಡೆದದ್ದರಿಂದ ಕೈ ಉಳಿಯಿತು, ಬೆರಳಿನ ತುದಿ ಹೋಯಿತು.

ನಡುಸಮುದ್ರದಲ್ಲಿ, ಹಡಗು ಓಡುತ್ತಿರುವಾಗಲೇ ತೈಲ ತುಂಬುವುದನ್ನು ಶುರು ಮಾಡಿದ್ದು ಅವರೇ?

ಅವರೊಬ್ಬರೇ ಅಲ್ಲ. ಆದರೆ ಆ ವಿಧಾನವನ್ನು ರೂಪಿಸಿದ ಮಾಮೀ ಹಡಗಿನ ಅಧಿಕಾರಿಗಳಲ್ಲಿ ಅವರು ಮುಖ್ಯರು. ಅಲ್ಲಿ ಎರಡನೇ ಸ್ಥಾನದ ಅಧಿಕಾರಿ, ಜೊತೆಗೆ ಮುಖ್ಯ ಎಂಜಿನಿಯರ್. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಡೆಸ್ಟ್ರಾಯರ್‌ಗಳನ್ನು ಯುರೋಪಿಗೆ ಕಳಿಸಬೇಕಿತ್ತು. ಅವುಗಳ ಟ್ಯಾಂಕು ಚಿಕ್ಕದು. ಮೇ 28ರಂದು, ಗ್ರೀನ್‌ಲ್ಯಾಂಡ್‌ನಿಂದ ಸುಮಾರು 300 ಮೈಲು ದಕ್ಷಿಣಕ್ಕೆ, ಮಾಮೀ 6 ಡೆಸ್ಟ್ರಾಯರ್‌ಗಳಿಗೆ ತೈಲ ಕೊಟ್ಟಿತು.

ಕ್ರಮ ಹೀಗೆ. ತೈಲ ಹಡಗು ದಿಕ್ಕು ಬದಲಿಸದೆ ನಿಧಾನ ವೇಗದಲ್ಲಿ ಸಾಗುತ್ತದೆ. ಡೆಸ್ಟ್ರಾಯರ್ ಹಿಂದಿನಿಂದ ಬಂದು ಪಕ್ಕಕ್ಕೆ ಸಮವಾಗಿ ನಿಲ್ಲುತ್ತದೆ. ಮೊದಲು ತೆಳು ಹಗ್ಗ ಎಸೆಯುತ್ತಾರೆ. ಅದಕ್ಕೆ ಕಟ್ಟಿ ದಪ್ಪನೆಯ ಎಳೆಹಗ್ಗ ದಾಟಿಸುತ್ತಾರೆ, ಡೆಸ್ಟ್ರಾಯರ್ ಅದರ ಎಳೆತದಲ್ಲೇ ಪಕ್ಕದಲ್ಲಿ ಸಾಗುತ್ತದೆ. ಆಮೇಲೆ ಎರಡು ಹಡಗುಗಳ ಅಂತರ ಹಿಡಿದಿಡುವ ಅಡ್ಡ ಹಗ್ಗಗಳು. ಕೊನೆಗೆ ಹೋಸ್ ಪೈಪು. ಅದನ್ನು ಬಿಗಿಯಾಗಿ ಎಳೆಯದೆ ಜೋಲು ಬಿಟ್ಟೇ ಇಡಬೇಕು, ಏಕೆಂದರೆ ಎರಡು ಹಡಗುಗಳೂ ಒಂದೇ ತಾಳದಲ್ಲಿ ಹೊಯ್ದಾಡುವುದಿಲ್ಲ.

ಕೆಡುವುದು ಎಲ್ಲಿ? ಹಡಗುಗಳು ತೀರಾ ಹತ್ತಿರ ಬಂದರೆ ನಡುವಿನ ನೀರು ವೇಗವಾಗಿ ಹರಿದು ಒತ್ತಡ ಇಳಿಯುತ್ತದೆ, ಒಂದನ್ನೊಂದು ಸೆಳೆದುಕೊಂಡು ಡಿಕ್ಕಿಯಾಗುತ್ತವೆ. ದೂರ ಸರಿದರೆ ಪೈಪು ಹರಿದು ಡೆಕ್ ತುಂಬ ತೈಲ. ಎಳೆಹಗ್ಗ ತುಂಡಾದರೆ ಅದರ ತುದಿ ಚಾಟಿಯಂತೆ ಬೀಸಿ ಮನುಷ್ಯರನ್ನು ಕೊಲ್ಲುತ್ತದೆ. ಈ ಮೂರನ್ನೂ ನಿಭಾಯಿಸಲು ಬೇಕಾದದ್ದು ಚುಕ್ಕಾಣಿ ಹಿಡಿದವನ ಕೈಯ ನಿಖರತೆ.

1939ರಲ್ಲಿ ದೊಡ್ಡ ಹಡಗುಗಳಿಗೆ ಹೀಗೆ ತೈಲ ತುಂಬುವ ಪ್ರಯೋಗಗಳು ನಡೆದದ್ದೂ ನಿಮಿಟ್ಸ್ ನೇತೃತ್ವದ ತುಕಡಿಯಲ್ಲಿ. 1944ರ ಹೊತ್ತಿಗೆ ಅಮೆರಿಕನ್ ವಿಮಾನವಾಹಕ ನೌಕೆಗಳು ವಾರಗಟ್ಟಲೆ ಬಂದರಿಗೆ ಬರದೆ ಸಮುದ್ರದಲ್ಲೇ ಇರಬಲ್ಲವಾಗಿದ್ದವು. ಪೆಸಿಫಿಕ್ ಯುದ್ಧ ಗೆದ್ದದ್ದು ವಿಮಾನಗಳಿಂದ ಎನ್ನುವವರು ಈ ಹೋಸ್ ಪೈಪನ್ನು ಮರೆತಿರುತ್ತಾರೆ.

ಪರ್ಲ್ ಹಾರ್ಬರ್ ಆದ ಮೇಲೆ ಅವರನ್ನೇ ಆರಿಸಿದ್ದೇಕೆ?

ಆಗ ಅವರು ವಾಷಿಂಗ್ಟನ್‌ನಲ್ಲಿ ನೌಕಾಪಡೆಯ ಸಿಬ್ಬಂದಿ ವಿಭಾಗದ ಮುಖ್ಯಸ್ಥ. ಅದಕ್ಕೆ ಹಳೆಯ ರೂಢಿಯ ಹೆಸರು ಬ್ಯೂರೋ ಆಫ್ ನ್ಯಾವಿಗೇಷನ್. ಹೆಸರಷ್ಟೇ ನ್ಯಾವಿಗೇಷನ್, ಕೆಲಸ ನೇಮಕ, ವರ್ಗಾವಣೆ, ಬಡ್ತಿ. ಯಾವ ಅಧಿಕಾರಿ ಯಾವ ಕೆಲಸಕ್ಕೆ ಒದಗುತ್ತಾನೆಂದು ಅವರಷ್ಟು ತಿಳಿದವರು ಇರಲಿಲ್ಲ. ಅಧ್ಯಕ್ಷ ರೂಸ್‌ವೆಲ್ಟ್‌ಗೂ ಪರಿಚಿತರು. ತಮಗಿಂತ ಹಿರಿಯರಾದ ಹಲವು ಅಡ್ಮಿರಲ್‌ಗಳನ್ನು ದಾಟಿ ಅವರು ಆಯ್ಕೆಯಾದರು. ಸ್ಯಾನ್ ಡಿಯೇಗೊವರೆಗೆ ರೈಲು, ಅಲ್ಲಿಂದ ನೀರಿನ ಮೇಲೆ ಇಳಿಯುವ ವಿಮಾನ. ಕ್ರಿಸ್‌ಮಸ್ ದಿನ ಬೆಳಿಗ್ಗೆ ಅದು ಪರ್ಲ್ ಹಾರ್ಬರ್‌ನ ನೀರಿಗೆ ಇಳಿದಾಗ ಬಂದರಿನ ತುಂಬ ತೈಲದ ಪದರ, ಮಗುಚಿದ ಹಡಗುಗಳು. ಡಿಸೆಂಬರ್ 31ರಂದು ಅಧಿಕಾರ ವಹಿಸಿಕೊಂಡದ್ದು ಗ್ರೇಲಿಂಗ್ ಎಂಬ ಸಬ್‌ಮರೀನ್‌ನ ಡೆಕ್ ಮೇಲೆ.

ಜಪಾನಿ ವಿಮಾನಗಳು ಮುಟ್ಟದೆ ಬಿಟ್ಟದ್ದನ್ನು ಅವರು ಮೊದಲು ನೋಡಿದರು. ಸುಮಾರು 45 ಲಕ್ಷ ಬ್ಯಾರೆಲ್ ತೈಲದ ಟ್ಯಾಂಕುಗಳು, ಡ್ರೈ ಡಾಕ್‌ಗಳು (ನೀರು ಹೊರಹಾಕಿ ಹಡಗು ರಿಪೇರಿ ಮಾಡುವ ಕಟ್ಟೆಗಳು), ರಿಪೇರಿ ಶೆಡ್‌ಗಳು, ಸಬ್‌ಮರೀನ್ ನೆಲೆ ಎಲ್ಲ ಹಾಗೆಯೇ ಇದ್ದವು. ಆ ತೈಲ ಸುಟ್ಟಿದ್ದರೆ ಯುದ್ಧ ಇನ್ನೆರಡು ವರ್ಷ ಎಳೆಯುತ್ತಿತ್ತು ಎಂದು ಆಮೇಲೆ ಹೇಳಿದ್ದಾರೆ.

ಸೋತ ಅಡ್ಮಿರಲ್‌ನ ಸಿಬ್ಬಂದಿಯನ್ನು ಹಾಗೆಯೇ ಇಟ್ಟುಕೊಂಡರೇ?

ಹೌದು. ಹಿಂದಿನ ಮುಖ್ಯಸ್ಥ ಹಸ್ಬಂಡ್ ಕಿಮೆಲ್ ಅವರ ಕೈಕೆಳಗಿನ ಅಧಿಕಾರಿಗಳೆಲ್ಲ ತಮ್ಮ ಕತೆ ಮುಗಿಯಿತೆಂದು ಗಂಟುಮೂಟೆ ಕಟ್ಟಲು ಸಿದ್ಧರಾಗಿದ್ದರು. ನಿಮಿಟ್ಸ್ ಅವರನ್ನು ಕರೆದು, ನಿಮ್ಮ ಮೇಲೆ ನನಗೆ ಪೂರ್ಣ ನಂಬಿಕೆಯಿದೆ, ನೀವು ಇಲ್ಲೇ ಇರಬೇಕು ಎಂದರು. ಗುಪ್ತಚರ ಅಧಿಕಾರಿ ಎಡ್ವಿನ್ ಲೇಟನ್ ಅವರಲ್ಲೊಬ್ಬರು. ದಾಳಿಯ ಸುಳಿವು ಸಿಗದೆ ಹೋದ ವಿಭಾಗದವರನ್ನೇ ಉಳಿಸಿಕೊಳ್ಳುವುದು ಆಗ ಸುಲಭದ ಮಾತಲ್ಲ. ಆರು ತಿಂಗಳಲ್ಲಿ ಅದೇ ಲೇಟನ್, ಪೆಸಿಫಿಕ್ ನಡುವಿನ ಅಮೆರಿಕನ್ ನೆಲೆಯಾದ ಮಿಡ್‌ವೇ ದ್ವೀಪದ ಬಳಿಯ ಗೆಲುವಿನ ದಾರಿ ತೋರಿಸಿದರು.

ಜಪಾನಿಗಳು ಮಿಡ್‌ವೇಗೆ ಬರುತ್ತಾರೆಂದು ಮೊದಲೇ ಗೊತ್ತಾದದ್ದು ಹೇಗೆ?

ಪರ್ಲ್ ಹಾರ್ಬರ್‌ನ ನೆಲಮಾಳಿಗೆಯೊಂದರಲ್ಲಿ ಜೋಸೆಫ್ ರೋಶ್‌ಫರ್ಟ್ ಅವರ ತಂಡ ಜಪಾನಿ ನೌಕಾಪಡೆಯ ಗೂಢಲಿಪಿ ಬಿಡಿಸುತ್ತಿತ್ತು. ಸಂದೇಶ ಪೂರ್ತಿ ಓದಲು ಬರುತ್ತಿರಲಿಲ್ಲ, ತುಂಡು ತುಂಡಾಗಿ ಸಿಗುತ್ತಿತ್ತು. ದೊಡ್ಡ ದಾಳಿಯ ಗುರಿಗೆ ಜಪಾನಿಗಳು ಇಟ್ಟಿದ್ದ ಗುರುತು 'ಎಎಫ್'. ರೋಶ್‌ಫರ್ಟ್ ಪ್ರಕಾರ ಅದು ಮಿಡ್‌ವೇ. ವಾಷಿಂಗ್ಟನ್‌ನಲ್ಲಿ ಅಷ್ಟು ನಂಬಿಕೆ ಇರಲಿಲ್ಲ.

ಪರೀಕ್ಷೆ ಹೀಗೆ ಮಾಡಿದರು. ಸಮುದ್ರದಡಿಯ ತಂತಿಯ ಮೂಲಕ ಮಿಡ್‌ವೇಗೆ ಒಂದು ಸೂಚನೆ ಹೋಯಿತು: ಸಿಹಿನೀರು ಮಾಡುವ ಯಂತ್ರ ಕೆಟ್ಟಿದೆ ಎಂದು ರೇಡಿಯೊದಲ್ಲಿ, ಗೂಢಲಿಪಿ ಬಳಸದೆ, ಸುದ್ದಿ ಬಿಡಿ. ತಂತಿಯನ್ನು ಜಪಾನಿಗಳು ಕದ್ದು ಕೇಳುವಂತಿರಲಿಲ್ಲ, ರೇಡಿಯೊವನ್ನು ಕೇಳಿಯೇ ಕೇಳುತ್ತಿದ್ದರು. ಸ್ವಲ್ಪ ದಿನದಲ್ಲೇ 'ಎಎಫ್‌ನಲ್ಲಿ ಕುಡಿಯುವ ನೀರಿಗೆ ತತ್ವಾರ' ಎಂಬ ಜಪಾನಿ ಸಂದೇಶ ಸಿಕ್ಕಿತು.

ಶತ್ರು ಎಲ್ಲಿ, ಯಾವಾಗ ಕಾಣುತ್ತಾನೆ ಎಂದು ನಿಮಿಟ್ಸ್ ಲೇಟನ್‌ರನ್ನು ಒತ್ತಾಯಿಸಿ ಕೇಳಿದರು. ಮಿಡ್‌ವೇಯಿಂದ 325 ಡಿಗ್ರಿ ದಿಕ್ಕಿನಲ್ಲಿ, 175 ಮೈಲು ದೂರದಲ್ಲಿ, ಬೆಳಿಗ್ಗೆ 6ಕ್ಕೆ ಎಂದರು ಲೇಟನ್. 1942ರ ಜೂನ್ 4ರಂದು ವರದಿ ಬಂದಾಗ ಲೆಕ್ಕ ತಪ್ಪಿದ್ದು 5 ನಿಮಿಷ, 5 ಡಿಗ್ರಿ, 5 ಮೈಲು ಮಾತ್ರ.

ಮೂರು ತಿಂಗಳ ರಿಪೇರಿಯನ್ನು ಮೂರು ದಿನದಲ್ಲಿ ಮಾಡಿದ್ದು ಸಾಧ್ಯವಾದದ್ದು ಹೇಗೆ?

ಪೂರ್ತಿ ರಿಪೇರಿ ಮಾಡಲೇ ಇಲ್ಲ, ಹಾಗಾಗಿ. ಮೇ ತಿಂಗಳ ಕೋರಲ್ ಸಮುದ್ರದ ಕಾಳಗದಲ್ಲಿ ಯಾರ್ಕ್‌ಟೌನ್ ವಿಮಾನವಾಹಕ ನೌಕೆಗೆ ಒಂದು ಬಾಂಬು ಡೆಕ್ ತೂರಿಕೊಂಡು ಒಳಗೆ ಆಳದಲ್ಲಿ ಸಿಡಿದಿತ್ತು. ಪಕ್ಕದಲ್ಲಿ ಬಿದ್ದ ಬಾಂಬುಗಳಿಂದ ಹೊರಮೈ ಬಿರಿದು ತೈಲ ಸೋರುತ್ತಿತ್ತು. ಸರಿಪಡಿಸಲು 90 ದಿನ ಬೇಕೆಂಬ ಅಂದಾಜು. ಮೇ 27ರಂದು ಹಡಗು ಪರ್ಲ್ ಹಾರ್ಬರ್ ಸೇರಿತು. ಮರುದಿನ ಡ್ರೈ ಡಾಕ್‌ನ ನೀರು ಪೂರ್ತಿ ಇಳಿಯುವ ಮೊದಲೇ ನಿಮಿಟ್ಸ್ ಉದ್ದನೆಯ ರಬ್ಬರ್ ಬೂಟು ಹಾಕಿಕೊಂಡು ಹಡಗಿನ ಹೊಟ್ಟೆಯ ಕೆಳಗೆ ನಡೆದು ನೋಡಿ, ಮೂರು ದಿನದಲ್ಲಿ ಹಡಗು ವಾಪಸ್ ಬೇಕು ಎಂದರು.

ನೂರಾರು ಕೆಲಸಗಾರರು ಹಗಲು ರಾತ್ರಿ ಸರದಿಯಲ್ಲಿ ಇಳಿದರು. ಸಾಮಾನ್ಯವಾಗಿ ಹಾಳಾದ ಚೌಕಟ್ಟನ್ನು ಕಿತ್ತು ಹೊಸದು ಕೂರಿಸುತ್ತಾರೆ. ಇಲ್ಲಿ ಬಿರಿದ ಹೊರಮೈ ಮೇಲೆ ಉಕ್ಕಿನ ತಟ್ಟೆ ಬೆಸೆದರು, ಒಳಗೆ ಮರದ ದಿಮ್ಮಿಗಳ ಆಸರೆ ಕೊಟ್ಟರು, ಹಾರು ಡೆಕ್ ಸಮ ಮಾಡಿದರು. ಮುಖ್ಯವಲ್ಲದ್ದನ್ನೆಲ್ಲ ಬಿಟ್ಟರು. ವಿಮಾನ ಹಾರಬೇಕು, ಇಳಿಯಬೇಕು, ನೀರು ಒಳಗೆ ಬರಬಾರದು, ಅಳತೆಗೋಲು ಇಷ್ಟೇ. ಮೇ 30ರಂದು, ಇನ್ನೂ ಕೆಲಸ ಮುಗಿಸುತ್ತಿದ್ದ ಕೆಲವು ಕೆಲಸಗಾರರ ಸಮೇತ, ಹಡಗು ಹೊರಟಿತು.

ಮಿಡ್‌ವೇಯಲ್ಲಿ ಜಪಾನಿನ ವಿಮಾನವಾಹಕ ನೌಕೆಗಳಾದ ಅಕಾಗಿ, ಕಾಗಾ, ಸೋರ್ಯು, ಹಿರ್ಯು ನಾಲ್ಕೂ ಮುಳುಗಿದವು. ಸೋರ್ಯುವನ್ನು ಹೊಡೆದದ್ದು ಯಾರ್ಕ್‌ಟೌನ್‌ನ ವಿಮಾನಗಳೇ. ಯಾರ್ಕ್‌ಟೌನ್ ಸ್ವತಃ ಜೂನ್ 7ರಂದು ಮುಳುಗಿತು.

ಅಷ್ಟು ಮುಂಚಿತವಾಗಿ ಗೊತ್ತಿದ್ದರೂ ಅದು ಜೂಜಾಗಿರಲಿಲ್ಲವೇ?

ಲೆಕ್ಕ ಹಾಕಿದ ಜೂಜು. ಮಿಡ್‌ವೇಯಲ್ಲಿ ಹಡಗುಪಡೆಗಳನ್ನು ನಡೆಸಿದ ಅಡ್ಮಿರಲ್‌ಗಳಾದ ಫ್ಲೆಚರ್ ಮತ್ತು ಸ್ಪ್ರೂಯೆನ್ಸ್ ಅವರಿಗೆ ಕೊಟ್ಟ ಲಿಖಿತ ಆದೇಶದಲ್ಲಿ ಆ ಲೆಕ್ಕವನ್ನು ಬಿಡಿಸಿಯೇ ಹೇಳಿದ್ದರು: ಶತ್ರುವಿಗೆ ಹೆಚ್ಚಿನ ಹಾನಿ ಮಾಡುವ ಚೆನ್ನಾದ ಸಾಧ್ಯತೆ ಇಲ್ಲದಿದ್ದರೆ ನಮ್ಮ ಪಡೆಯನ್ನು ಅವನ ದೊಡ್ಡ ಪಡೆಯ ಎದುರಿಗೆ ಒಡ್ಡಬೇಡಿ. ಇದರ ಬೆಲೆ ಏನೆಂದರೆ, ಯಾವಾಗ ಮುನ್ನುಗ್ಗಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬ ತೀರ್ಮಾನ ಸ್ಥಳದಲ್ಲಿದ್ದವರದು. ಕಾಳಗ ಶುರುವಾದ ಮೇಲೆ ನಿಮಿಟ್ಸ್ ಪರ್ಲ್ ಹಾರ್ಬರ್‌ನ ಕಚೇರಿಯಲ್ಲಿ ಕೂತು ಕಾದರು, ಕೈ ಹಾಕಲಿಲ್ಲ. ಯುದ್ಧದ ಉದ್ದಕ್ಕೂ ಯಾವ ಕಾಳಗದಲ್ಲೂ ಅವರು ಹಡಗಿನಲ್ಲಿ ನಿಂತು ಆಜ್ಞೆ ಕೊಟ್ಟವರಲ್ಲ.

ಸ್ಪ್ರೂಯೆನ್ಸ್ ಅಲ್ಲಿದ್ದದ್ದೂ ಆಕಸ್ಮಿಕ. ಆ ಜಾಗದಲ್ಲಿ ಇರಬೇಕಿದ್ದ ಅಡ್ಮಿರಲ್ ಹಾಲ್ಸೀ ಚರ್ಮರೋಗದಿಂದ ಆಸ್ಪತ್ರೆ ಸೇರಿದ್ದರು. ತಮ್ಮ ಬದಲಿಗೆ ಕ್ರೂಸರ್ ದಳದ ಸ್ಪ್ರೂಯೆನ್ಸ್ ಹೆಸರು ಹೇಳಿದ್ದು ಅವರೇ.

ಕಿಂಗ್, ನಿಮಿಟ್ಸ್, ಹಾಲ್ಸೀ, ಸ್ಪ್ರೂಯೆನ್ಸ್: ಯಾರ ಕೈಕೆಳಗೆ ಯಾರು? ಮೂರನೇ, ಐದನೇ ಫ್ಲೀಟ್ ಎಂದರೇನು?

ವಾಷಿಂಗ್ಟನ್‌ನಲ್ಲಿ ಇಡೀ ನೌಕಾಪಡೆಗೆ ಅರ್ನೆಸ್ಟ್ ಕಿಂಗ್. ಅವರ ಕೆಳಗೆ ಪೆಸಿಫಿಕ್‌ಗೆ ನಿಮಿಟ್ಸ್. ಅವರ ಕೆಳಗೆ ಸಮುದ್ರದ ಮೇಲೆ ಹಾಲ್ಸೀ, ಸ್ಪ್ರೂಯೆನ್ಸ್. ನೈಋತ್ಯ ಪೆಸಿಫಿಕ್ ಮಾತ್ರ ಮೆಕಾರ್ಥರ್ ಪಾಲು; ಒಂದೇ ಸಾಗರಕ್ಕೆ ಇಬ್ಬರು ಒಡೆಯರು, ಅದರ ಫಲ ಮುಂದೆ ಫಿಲಿಪ್ಪೀನ್ಸ್‌ನ ಲೇಟೆ ಕಾಳಗದಲ್ಲಿ ಕಂಡಿತು. ಮೂರನೇ ಮತ್ತು ಐದನೇ ಫ್ಲೀಟ್ ಎಂದರೆ 1944ರ ಕೊನೆಯ ಹೊತ್ತಿಗೆ ಬಹುಮಟ್ಟಿಗೆ ಒಂದೇ ಹಡಗುಗಳು. ಹಾಲ್ಸೀ ನಡೆಸುವಾಗ ಮೂರನೆಯದು, ಸ್ಪ್ರೂಯೆನ್ಸ್ ನಡೆಸುವಾಗ ಐದನೆಯದು. ಒಬ್ಬರು ಕಾದಾಡುತ್ತಿರುವಾಗ ಇನ್ನೊಬ್ಬರು ದಡದಲ್ಲಿ ಮುಂದಿನ ದಾಳಿಯ ಯೋಜನೆ ಬರೆಯುತ್ತಿದ್ದರು.

ಅಮೆರಿಕನ್ ಟಾರ್ಪಿಡೊಗಳು ಸಿಡಿಯುತ್ತಲೇ ಇರಲಿಲ್ಲವಂತೆ. ತೊಂದರೆ ಏನಿತ್ತು?

ಒಂದಲ್ಲ, ಮೂರು. ಒಂದು ಇನ್ನೊಂದನ್ನು ಮುಚ್ಚಿಡುತ್ತಿತ್ತು, ಅದಕ್ಕೇ ಪತ್ತೆಗೆ ಇಪ್ಪತ್ತು ತಿಂಗಳು ಹಿಡಿಯಿತು. ಆಯುಧದ ಹೆಸರು ಮಾರ್ಕ್ 14.

ಮೊದಲನೆಯದು ಆಳ. ಹೊಂದಿಸಿದ್ದಕ್ಕಿಂತ ಸುಮಾರು 10-11 ಅಡಿ ಕೆಳಗೆ ಓಡಿ ಹಡಗಿನಡಿ ನುಸುಳಿ ಹೋಗುತ್ತಿತ್ತು. ಕಾರಣ, ಪರೀಕ್ಷೆಗೆ ಬಳಸಿದ ಸಿಡಿತಲೆ ನಿಜವಾದದ್ದಕ್ಕಿಂತ ಹಗುರ. ಜೊತೆಗೆ ನೀರಿನ ಒತ್ತಡ ಅಳೆಯುವ ರಂಧ್ರ ತಪ್ಪು ಜಾಗದಲ್ಲಿತ್ತು. ಓಡುವಾಗ ಅಲ್ಲಿ ಒತ್ತಡ ಕಡಿಮೆಯಾಗಿ, ಟಾರ್ಪಿಡೊ ತಾನು ಮೇಲಿದ್ದೇನೆಂದು ಭ್ರಮಿಸಿ ಇನ್ನೂ ಕೆಳಗಿಳಿಯುತ್ತಿತ್ತು. 1942ರ ಜೂನ್‌ನಲ್ಲಿ ಸಬ್‌ಮರೀನ್ ಪಡೆಯ ಅಡ್ಮಿರಲ್ ಚಾರ್ಲ್ಸ್ ಲಾಕ್‌ವುಡ್ ಪಶ್ಚಿಮ ಆಸ್ಟ್ರೇಲಿಯದ ಆಲ್ಬನಿ ಬಳಿ ಮೀನುಬಲೆ ಇಳಿಬಿಟ್ಟು, ಅದರ ಮೂಲಕ ಟಾರ್ಪಿಡೊ ಹೊಡೆದು, ಬಲೆಯಲ್ಲಿ ತೂತು ಎಷ್ಟು ಆಳದಲ್ಲಿದೆ ಎಂದು ಅಳೆದು ಇದನ್ನು ಹಿಡಿದರು.

ಎರಡನೆಯದು ಅಯಸ್ಕಾಂತ. ಹಡಗಿನ ಉಕ್ಕಿನ ಕಾಂತಕ್ಷೇತ್ರ ಗುರುತಿಸಿ ಅದರ ಬೆನ್ನೆಲುಬಿನಡಿ ಸಿಡಿಯಬೇಕಾದ ಸಾಧನವದು. ಭೂಮಿಯ ಕಾಂತಕ್ಷೇತ್ರ ಎಲ್ಲೆಡೆ ಒಂದೇ ರೀತಿ ಇಲ್ಲ. ಅಮೆರಿಕದ ಈಶಾನ್ಯ ತೀರದಲ್ಲಿ ಒಗ್ಗಿದ ಸಾಧನ ಸಮಭಾಜಕದ ಬಳಿ ಗುರಿಗೆ ಮೊದಲೇ ಸಿಡಿಯುತ್ತಿತ್ತು, ಇಲ್ಲವೇ ಸಿಡಿಯುತ್ತಲೇ ಇರಲಿಲ್ಲ. 1943ರ ಜೂನ್ 24ರಂದು ನಿಮಿಟ್ಸ್ ತಮ್ಮ ಸಬ್‌ಮರೀನ್‌ಗಳಲ್ಲಿ ಅದನ್ನು ಕಳಚಿಡಲು ಆದೇಶ ಕೊಟ್ಟರು. ತಯಾರಿಸಿದ ಇಲಾಖೆ ತನ್ನ ಸಾಧನ ಸರಿಯೆಂದೇ ಪಟ್ಟು ಹಿಡಿದಿತ್ತು. ಮೆಕಾರ್ಥರ್ ವ್ಯಾಪ್ತಿಯ ಸಬ್‌ಮರೀನ್‌ಗಳು ಆಮೇಲೂ ಕೆಲವು ತಿಂಗಳು ಅದನ್ನೇ ಬಳಸಿದವು.

ಅಯಸ್ಕಾಂತ ಹೋದ ಮೇಲೆ ಮೂರನೆಯದು ಬಯಲಾಯಿತು. 1943ರ ಜುಲೈ 24ರಂದು ಟಿನೋಸಾ ಎಂಬ ಸಬ್‌ಮರೀನ್ ನಿಂತುಹೋಗಿದ್ದ ದೊಡ್ಡ ಜಪಾನಿ ಹಡಗೊಂದಕ್ಕೆ ಒಂದಾದ ಮೇಲೊಂದು ಟಾರ್ಪಿಡೊ ಹೊಡೆಯಿತು. ಬಡಿಯುವುದು ಕಾಣುತ್ತಿತ್ತು, ಸಿಡಿಯುತ್ತಿರಲಿಲ್ಲ. ಒಟ್ಟು 15 ಹೊಡೆದು, ಉಳಿದ ಕೊನೆಯದನ್ನು ಸಾಕ್ಷಿಗೆಂದು ಪರ್ಲ್ ಹಾರ್ಬರ್‌ಗೆ ಹೊತ್ತು ತಂದಿತು. ಅಲ್ಲಿ ಲಾಕ್‌ವುಡ್ ತಂಡ ಕಾಹೂಲಾವೆ ದ್ವೀಪದ ಬಂಡೆಗೆ ಟಾರ್ಪಿಡೊ ಹೊಡೆದು ನೋಡಿತು. ಮೂರನೆಯದು ಸಿಡಿಯಲಿಲ್ಲ, ಮುಳುಗು ಹಾಕಿ ಅದನ್ನು ಎತ್ತಿ ತಂದು ಬಿಚ್ಚಿದರು. ಆಮೇಲೆ ಸಿಡಿಮದ್ದಿಲ್ಲದ ತಲೆಗಳನ್ನು ಕ್ರೇನಿನಿಂದ 90 ಅಡಿ ಎತ್ತರದಿಂದ ಉಕ್ಕಿನ ತಟ್ಟೆಗೆ ಬೀಳಿಸಿದರು. ನೇರವಾಗಿ ಬಿದ್ದ 10ರಲ್ಲಿ 7 ಕೆಲಸ ಮಾಡಲಿಲ್ಲ. ಓರೆಯಾಗಿ ಬಿದ್ದಾಗ ಸೋಲು ಕಡಿಮೆ. ಬಡಿತದ ರಭಸಕ್ಕೆ ಸಿಡಿಸೂಜಿ ತನ್ನ ಜಾಡಿನಲ್ಲೇ ಬಿಗಿದುಕೊಳ್ಳುತ್ತಿತ್ತು. ಅಂದರೆ ಗುರಿ ಎಷ್ಟು ಚೆನ್ನಾಗಿದ್ದರೆ ಅಷ್ಟೂ ವಿಫಲ. ಹಗುರ ಲೋಹದ ಸೂಜಿ ಮಾಡಿ ಹಾಕಿದರು. ಸೆಪ್ಟೆಂಬರ್ ಕೊನೆಗೆ ತಿದ್ದಿದ ಟಾರ್ಪಿಡೊಗಳು ಸಮುದ್ರಕ್ಕೆ ಹೋದವು.

ತಾವೇ ಹಳೆಯ ಸಬ್‌ಮರೀನ್ ಮನುಷ್ಯರಾದ್ದರಿಂದ, ನಾವಿಕರ ದೂರನ್ನು ಗುರಿ ಹಿಡಿಯಲು ಬಾರದವರ ನೆಪ ಎಂದು ನಿಮಿಟ್ಸ್ ತಳ್ಳಿಹಾಕಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಜಪಾನ್ ಕಳೆದುಕೊಂಡ ವ್ಯಾಪಾರಿ ಹಡಗುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮುಳುಗಿಸಿದ್ದು ಸಬ್‌ಮರೀನ್‌ಗಳು. ಅಮೆರಿಕದ 52 ಸಬ್‌ಮರೀನ್‌ಗಳು ಹೋದವು.

'ಜಗತ್ತೇ ಬೆರಗಾಗಿದೆ' ಎಂದು ನಿಮಿಟ್ಸ್ ಹಾಲ್ಸೀಯನ್ನು ಚುಚ್ಚಿದ್ದರಂತೆ?

ಇಲ್ಲ. ಆ ಮಾತು ನಿಮಿಟ್ಸ್ ಅವರದಲ್ಲ. 1944ರ ಅಕ್ಟೋಬರ್ 25, ಲೇಟೆ ಕೊಲ್ಲಿ. ಹಾಲ್ಸೀ, ಬಹುತೇಕ ಖಾಲಿಯಿದ್ದ ಜಪಾನಿ ವಿಮಾನವಾಹಕಗಳ ಬಲೆಗೆ ಬಿದ್ದು ಉತ್ತರಕ್ಕೆ ಓಡಿದ್ದರು; ಸ್ಯಾನ್ ಬರ್ನಾರ್ಡಿನೊ ಜಲಸಂಧಿಯಲ್ಲಿ ಕಾವಲಿರಲಿಲ್ಲ. ಸಮರ್ ದ್ವೀಪದ ಬಳಿ ಅಮೆರಿಕದ ಸಣ್ಣ ಹಡಗುಗಳ ಮೇಲೆ ದೊಡ್ಡ ಜಪಾನಿ ಯುದ್ಧನೌಕೆಗಳು ಎರಗಿದ್ದವು. ಟಾಸ್ಕ್ ಫೋರ್ಸ್ 34 (ಜಲಸಂಧಿ ಕಾಯುತ್ತಿದೆ ಎಂದುಕೊಂಡಿದ್ದ ಹಾಲ್ಸೀಯ ಯುದ್ಧನೌಕೆಗಳ ತಂಡ) ಎಲ್ಲಿದೆ ಎಂದು ನಿಮಿಟ್ಸ್ ಹಾಲ್ಸೀಗೆ ಸಂದೇಶ ಕಳಿಸಿ ಕೇಳಿದರು.

ಸಂದೇಶದ ಆದಿ ಮತ್ತು ಅಂತ್ಯ ಶತ್ರುವಿಗೆ ಊಹಿಸಲು ಸುಲಭ, ಹಾಗಾಗಿ ಗೂಢಲಿಪಿಗೆ ಹಾಕುವವನು ಎರಡೂ ತುದಿಗೆ ಅರ್ಥಸಂಬಂಧವಿಲ್ಲದ ಪದಗಳ ಹೊಟ್ಟು ಸೇರಿಸುತ್ತಿದ್ದ; ನಡುವೆ ಜೋಡಿ ಅಕ್ಷರದ ಗೆರೆ. ಸ್ವೀಕರಿಸಿದವನು ಹೊಟ್ಟು ಕಳಚಿ ಕೊಡಬೇಕು. ಅಂದು ಕೊನೆಯ ಹೊಟ್ಟು 'ಜಗತ್ತು ಬೆರಗಾಗಿದೆ' ಎಂದಿತ್ತು. ವಾಕ್ಯಕ್ಕೆ ಹೊಂದಿಕೊಂಡದ್ದರಿಂದ ನ್ಯೂಜೆರ್ಸಿ ಹಡಗಿನಲ್ಲಿ ಅದನ್ನು ತೆಗೆಯದೆ ಹಾಲ್ಸೀ ಕೈಗೆ ಕೊಟ್ಟರು. ಅವಮಾನವೆಂದು ತಿಳಿದ ಹಾಲ್ಸೀ ಟೋಪಿ ತೆಗೆದು ಡೆಕ್‌ಗೆ ಎಸೆದರು. ದಕ್ಷಿಣಕ್ಕೆ ತಿರುಗಲು ಸುಮಾರು ಒಂದು ಗಂಟೆ ಹೋಯಿತು. ಅಷ್ಟರಲ್ಲಿ ಜಪಾನಿಗಳು ಹಿಂದೆ ಸರಿಯುತ್ತಿದ್ದರು.

ಅವರ ತಪ್ಪುಗಳು?

ತರಾವಾ ಮತ್ತು ಪೆಲೆಲಿಯು ದ್ವೀಪಗಳ ಮೇಲಿನ ದಾಳಿಗಳು. 1943ರ ನವೆಂಬರ್ 20ರಂದು ತರಾವಾದಲ್ಲಿ ನೀರು ನಿರೀಕ್ಷಿಸಿದಷ್ಟು ಏರದೆ ದೋಣಿಗಳು ಹವಳದ ದಿಬ್ಬಕ್ಕೆ ಸಿಕ್ಕಿ, ಸೈನಿಕರು ಗುಂಡಿನ ಮಳೆಯಲ್ಲಿ ನೀರಿನಲ್ಲೇ ನಡೆಯಬೇಕಾಯಿತು. ಮೂರು ದಿನದಲ್ಲಿ ಸತ್ತ ಅಮೆರಿಕನ್ನರು ಸಾವಿರಕ್ಕೂ ಹೆಚ್ಚು. ಮಕ್ಕಳನ್ನು ಕಳೆದುಕೊಂಡ ತಾಯಂದಿರ ಪತ್ರಗಳು ನೇರ ಅವರ ಮೇಜಿಗೇ ಬಂದವು. ಜಪಾನಿ ಬಂಕರ್‌ಗಳ ಪ್ರತಿರೂಪ ಕಟ್ಟಿಸಿ, ಯಾವ ಗುಂಡು ಯಾವ ಕೋನದಲ್ಲಿ ಅದನ್ನು ಒಡೆಯುತ್ತದೆಂದು ಪರೀಕ್ಷಿಸಿದರು. ಎರಡು ತಿಂಗಳ ನಂತರ, ತಮ್ಮ ಸೇನಾನಿಗಳೆಲ್ಲ ಬೇಡವೆಂದರೂ, ಹೊರಗಿನ ದ್ವೀಪಗಳನ್ನು ಬಿಟ್ಟು ನೇರ ಕ್ವಾಜಲೀನ್‌ಗೆ ನುಗ್ಗಿಸಿದರು. ಅಲ್ಲಿ ಸತ್ತವರು ಬಹಳ ಕಡಿಮೆ.

ಪೆಲೆಲಿಯುಗೆ ಅಂಥ ಸಮಾಧಾನವಿಲ್ಲ. 1944ರ ಸೆಪ್ಟೆಂಬರ್‌ನಲ್ಲಿ ಆ ದಾಳಿ ಕೈಬಿಡಿ ಎಂದು ಹಾಲ್ಸೀ ಸೂಚಿಸಿದ್ದರು. ಪಡೆಗಳು ಆಗಲೇ ಹೊರಟಿದ್ದವು, ನಿಮಿಟ್ಸ್ ನಿಲ್ಲಿಸಲಿಲ್ಲ. ಕೆಲವೇ ದಿನದ ಕೆಲಸ ಎಂದುಕೊಂಡದ್ದು ನವೆಂಬರ್ ಕೊನೆಯವರೆಗೆ ಎಳೆಯಿತು. ಅವರನ್ನು ಎಷ್ಟೇ ಮೆಚ್ಚಿದರೂ ಇದನ್ನು ಸಮರ್ಥಿಸುವುದು ಕಷ್ಟ.

ಒತ್ತಡ ಹೇಗೆ ತಡೆದುಕೊಳ್ಳುತ್ತಿದ್ದರು?

ದೂರದ ನಡಿಗೆ, ಈಜು, ಕುದುರೆ ಲಾಳ ಎಸೆಯುವ ಆಟ, ಶಾಸ್ತ್ರೀಯ ಸಂಗೀತ. ಕಚೇರಿಯ ಪಕ್ಕ ಪಿಸ್ತೂಲು ಗುರಿಯ ಜಾಗ ಮಾಡಿಸಿಕೊಂಡಿದ್ದರು. ಕೈ ನಡುಗದಂತೆ ಇಡಲು ಅದು ಸಹಾಯಕ. ಹೆಂಡತಿ ಕ್ಯಾಥರಿನ್‌ಗೆ ಪತ್ರ ಬರೆಯುವುದು ತಪ್ಪುತ್ತಿರಲಿಲ್ಲ.

ಜಪಾನಿ ಅಡ್ಮಿರಲ್ ತೋಗೊ ಜೊತೆ ಅವರಿಗೇನು ಸಂಬಂಧ?

1905ರಲ್ಲಿ ಟೋಕಿಯೊದ ತೋಟದ ಕೂಟವೊಂದರಲ್ಲಿ, ರಷ್ಯಾವನ್ನು ಸುಷಿಮಾದಲ್ಲಿ ಸೋಲಿಸಿ ಬಂದಿದ್ದ ತೋಗೊ ಅವರನ್ನು ಯುವಕ ನಿಮಿಟ್ಸ್ ಕಂಡು ಮಾತಾಡಿದ್ದರು. 1934ರಲ್ಲಿ ತೋಗೊ ತೀರಿಕೊಂಡಾಗ ಅಗಸ್ಟಾ ಹಡಗಿನ ಕ್ಯಾಪ್ಟನ್ ಆಗಿ ಅಂತ್ಯಕ್ರಿಯೆಗೆ ಹೋದರು. ಯುದ್ಧ ಮುಗಿದ ಮೇಲೆ ಯೊಕೊಸುಕಾದಲ್ಲಿ ಪಾಳುಬಿದ್ದಿದ್ದ ತೋಗೊ ಹಡಗು ಮಿಕಾಸಾಗೆ ಕಾವಲು ಹಾಕಿಸಿದರು, ಮುಂದೆ ಅದರ ಜೀರ್ಣೋದ್ಧಾರಕ್ಕೆ ನೆರವಾದರು. ಫ್ರೆಡರಿಕ್ಸ್‌ಬರ್ಗ್‌ನ ತಾತನ ಹೋಟೆಲ್ ಈಗ ಪೆಸಿಫಿಕ್ ಯುದ್ಧದ ಮ್ಯೂಸಿಯಂನ ಭಾಗ. ಅಲ್ಲಿನ ಜಪಾನಿ ತೋಟ ಜಪಾನಿನ ಜನ 1976ರಲ್ಲಿ ಕೊಟ್ಟ ಉಡುಗೊರೆ.

ಜರ್ಮನ್ ಅಡ್ಮಿರಲ್ ಡೋನಿಟ್ಸ್ ಪರ ಸಾಕ್ಷಿ ಹೇಳಿದ್ದು ಏಕೆ?

ಕೇಳಿದ ಪ್ರಶ್ನೆಗೆ ಸತ್ಯ ಬರೆದರು, ಅಷ್ಟೇ. ಎಚ್ಚರಿಕೆ ಕೊಡದೆ ವ್ಯಾಪಾರಿ ಹಡಗುಗಳನ್ನು ಮುಳುಗಿಸಿದ ಆರೋಪ ನ್ಯೂರೆಂಬರ್ಗ್‌ನ ಯುದ್ಧಾಪರಾಧ ವಿಚಾರಣೆಯಲ್ಲಿ ಡೋನಿಟ್ಸ್ ಮೇಲಿತ್ತು. ಪೆಸಿಫಿಕ್‌ನಲ್ಲಿ ಅಮೆರಿಕವೂ ಯುದ್ಧದ ಮೊದಲ ದಿನದಿಂದಲೇ ಅದನ್ನೇ ಮಾಡಿತು ಎಂದು 1946ರಲ್ಲಿ ನಿಮಿಟ್ಸ್ ಲಿಖಿತ ಉತ್ತರ ಕೊಟ್ಟರು. ಇದರ ದೆಸೆಯಿಂದ ಆ ಆರೋಪಕ್ಕೆ ಪ್ರತ್ಯೇಕ ಶಿಕ್ಷೆಯ ಭಾರ ಬೀಳಲಿಲ್ಲ.

ಕಾಶ್ಮೀರಕ್ಕೂ ನಿಮಿಟ್ಸ್‌ಗೂ ಏನು ನಂಟು?

1949ರ ಜನವರಿ 1ರ ಕದನವಿರಾಮದ ನಂತರ, ಮಾರ್ಚ್‌ನಲ್ಲಿ ವಿಶ್ವಸಂಸ್ಥೆ ಅವರನ್ನು ಕಾಶ್ಮೀರದ ಜನಮತಗಣನೆಯ ಆಡಳಿತಾಧಿಕಾರಿಯಾಗಿ ಹೆಸರಿಸಿತು. ಮೊದಲು ಸೈನ್ಯ ಹಿಂದೆ ಸರಿಯಬೇಕು, ಆಮೇಲೆ ಗಣನೆ ಎಂಬುದು ಕ್ರಮ. ಯಾರು ಎಷ್ಟು ಸರಿಯಬೇಕೆಂಬುದೇ ಇತ್ಯರ್ಥವಾಗಲಿಲ್ಲ. ಆಗಸ್ಟ್‌ನಲ್ಲಿ, ಆ ವ್ಯಾಜ್ಯಕ್ಕೆ ನಿಮಿಟ್ಸ್ ಅವರೇ ಮಧ್ಯಸ್ಥರಾಗಲಿ ಎಂಬ ಸಲಹೆ ಬಂತು. ಪಾಕಿಸ್ತಾನ ಒಪ್ಪಿತು, ನೆಹರೂ ಸರ್ಕಾರ ಒಪ್ಪಲಿಲ್ಲ. ಹೀಗಾಗಿ ಅವರು ಅಲ್ಲಿ ಕೆಲಸ ಶುರು ಮಾಡುವ ಸಂದರ್ಭವೇ ಬರಲಿಲ್ಲ.

ಅವರ ಹೆಸರಿನ ಹಡಗು ಭಾರತಕ್ಕೆ ಬಂದಿದೆಯೇ?

ಬಂದಿದೆ. ಪರಮಾಣು ಶಕ್ತಿಯ ವಿಮಾನವಾಹಕ ನಿಮಿಟ್ಸ್ ಸೇವೆಗೆ ಸೇರಿದ್ದು 1975ರ ಮೇ 3ರಂದು. 2007ರ ಜುಲೈನಲ್ಲಿ ಚೆನ್ನೈ ಹೊರಗೆ ಲಂಗರು ಹಾಕಿತ್ತು. 2020ರ ನವೆಂಬರ್‌ನ ಮಲಬಾರ್ ಕವಾಯತಿನಲ್ಲಿ, ಅರಬ್ಬಿ ಸಮುದ್ರದಲ್ಲಿ, ನಮ್ಮ ಕಾರವಾರದ ಕದಂಬ ನೆಲೆಯ ವಿಕ್ರಮಾದಿತ್ಯದ ಜೊತೆ ಸಾಗಿತು.

ಆತ್ಮಕಥೆ ಬರೆದಿದ್ದಾರೆಯೇ? ಸಮಾಧಿ ಎಲ್ಲಿದೆ?

ಬರೆಯಲಿಲ್ಲ. ಬರೆದರೆ ಜೊತೆಗಿದ್ದವರಲ್ಲಿ ಯಾರಿಗಾದರೂ ನೋವಾಗುತ್ತದೆ ಎಂಬ ಹಿಂಜರಿಕೆ. 1944ರ ಡಿಸೆಂಬರ್‌ನಲ್ಲಿ ಸಿಕ್ಕ ಐದು ನಕ್ಷತ್ರದ ಫ್ಲೀಟ್ ಅಡ್ಮಿರಲ್ ಪದವಿಗೆ ನಿವೃತ್ತಿ ಇಲ್ಲ, ಹಾಗಾಗಿ ಕೊನೆಯವರೆಗೂ ಕಾಗದದ ಮೇಲೆ ಸೇವೆಯಲ್ಲಿದ್ದರು. 1966ರ ಫೆಬ್ರವರಿ 20ರಂದು, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಯೆರ್ಬಾ ಬ್ವೆನಾ ದ್ವೀಪದ ಮನೆಯಲ್ಲಿ ತೀರಿಕೊಂಡರು. ನಾಲ್ಕು ದಿನದ ನಂತರ, ಹುಟ್ಟಿದ ದಿನದಂದೇ, ಸ್ಯಾನ್ ಬ್ರೂನೊದ ಗೋಲ್ಡನ್ ಗೇಟ್ ರಾಷ್ಟ್ರೀಯ ರುದ್ರಭೂಮಿಯಲ್ಲಿ ಹೂಳಿದರು. ಪಕ್ಕದಲ್ಲಿ ಸ್ಪ್ರೂಯೆನ್ಸ್, ಲಾಕ್‌ವುಡ್, ಮತ್ತು ಅದೇ ಯುದ್ಧದ ಇನ್ನೊಬ್ಬ ಅಡ್ಮಿರಲ್ ಟರ್ನರ್. ಜೀವಂತ ಇರುವಾಗಲೇ ಮಾತಾಡಿಕೊಂಡು ಕಾದಿರಿಸಿದ ಜಾಗಗಳವು. ಎಲ್ಲರಿಗೂ ಅಲ್ಲಿನ ಸಾಮಾನ್ಯ ಸಿಪಾಯಿಗಳಿಗೆ ಇಡುವಂಥದ್ದೇ ಬಿಳಿ ಕಲ್ಲು.